ಹಂಪೆಗೆ ಮೊದಲ ಸಲ ಹೊರಟವರಿಗೆ

ಹೊರದೇಶಗಳಲ್ಲಿ ಉದ್ಯೋಗಕ್ಕೆ ನಿಂತಿರುವ ನಮ್ಮ ಸಮಾಜದ ತರುಣರು ರಜೆಯಲ್ಲಿ ಇಟಲಿಯ ರೋಮನ್ನೋ ವೆನಿಸನ್ನೋ ಮೂರು ದಿನಗಳ ಮಟ್ಟಿಗೆ ನೋಡಿಬರಲು ಹೋಗುವುದುಂಟು. ಆಗ ಅವರು ನಡೆಸುವ ಸಿದ್ಧತೆ ಮೆಚ್ಚತಕ್ಕದ್ದು. ಯಾವ ವಾರ ಯಾವ ಸಂಗ್ರಹಾಲಯಕ್ಕೆ ರಜೆ, ಎಲ್ಲಿ ಮುಂಗಡ ಟಿಕೆಟ್ ಬೇಕು, ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನೆಲ್ಲ ತಿಂಗಳ ಮೊದಲೇ ಬರೆದಿಟ್ಟುಕೊಂಡಿರುತ್ತಾರೆ. ಅದೇ ಮನೆಯವರು ಹಂಪೆಗೆ ಹೊರಟಾಗ ನಡೆಯುವುದೇ ಬೇರೆ. ಶುಕ್ರವಾರ ರಾತ್ರಿ ವ್ಯಾನು ಗೊತ್ತುಮಾಡಿ ಹದಿನಾಲ್ಕು ಜನ ಹತ್ತಿ ಕುಳಿತರೆ, ಹಂಪೆ, ತುಂಗಭದ್ರಾ ಅಣೆಕಟ್ಟು, ಮಂತ್ರಾಲಯ, ಕೂಡಲಸಂಗಮ, ಬಾದಾಮಿ ಎಲ್ಲವನ್ನೂ ಮುಟ್ಟಿ ಸೋಮವಾರ ಬೆಳಗ್ಗೆ ಹಿಂದಿರುಗಬೇಕು. ಮರಳಿ ಬಂದ ಮೇಲೆ ಮಕ್ಕಳ ನೆನಪಿನಲ್ಲಿ ಒಂದು ಕಲ್ಲಿನ ರಥ ಉಳಿದಿರುತ್ತದೆ. ಮನೆಯ ಹಿರಿಯರಿಗೆ ಉಳಿಯುವುದು ಸೊಂಟದ ನೋವು ಮಾತ್ರ.

ನಾವು ಇದನ್ನು ಹಾಸ್ಯಕ್ಕಾಗಿ ಬರೆಯುತ್ತಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆಯಿಂದ ಹಂಪೆ ಸುಮಾರು 400 ಕಿಲೋಮೀಟರು ದೂರ. ಎಪ್ಪತ್ತು ದಾಟಿದ ತಾಯಿಯೊಬ್ಬರಿಗೆ ಅದು ಮೊದಲ ಭೇಟಿಯಷ್ಟೇ ಅಲ್ಲ, ಬಹುಮಟ್ಟಿಗೆ ಒಂದೇ ಭೇಟಿ. ಕಿರಿಯರು ಮತ್ತೊಮ್ಮೆ ಹೋದಾರು, ಅವರು ಹೋಗಲಾರರು. ಆದ್ದರಿಂದ ಯಾತ್ರೆಯ ಯೋಜನೆಯನ್ನು ಮನೆಯ ಅತ್ಯಂತ ಹಿರಿಯರ ಕಾಲಿನ ಅಳತೆಗೆ ಹಾಕಬೇಕು ಎಂಬುದು ನಮ್ಮ ಅಭಿಪ್ರಾಯ. ಹಾಗೆ ಹಾಕಿದ ಯೋಜನೆಯಲ್ಲಿ ಊರುಗಳ ಸಂಖ್ಯೆ ಒಂದಕ್ಕೆ ಇಳಿಯುತ್ತದೆ; ರಾತ್ರಿಗಳ ಸಂಖ್ಯೆ ಎರಡಕ್ಕೆ ಏರುತ್ತದೆ.

ಮೊದಲು ಕಾಲದ ಮಾತು. ಬೇಸಗೆಯಲ್ಲಿ ಹಂಪೆಯ ಬಂಡೆಗಳು ಸೂರ್ಯ ಮುಳುಗಿದ ಮೇಲೂ ಕಾವು ಬಿಡುತ್ತಿರುತ್ತವೆ. ನವೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳೇ ಯೋಗ್ಯ. ಆದರೆ ನಮ್ಮ ಕಡೆಯ ಒಕ್ಕಲು ಮನೆಗಳಿಗೆ ಅದೇ ಬಿಡುವಿಲ್ಲದ ಕಾಲ. ಕೃಷ್ಣರಾಜನಗರದವರಿಗೆ ಬತ್ತದ ಕೊಯ್ಲು, ಒಕ್ಕಣೆ. ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಕಡೆಯವರಿಗೆ ತಂಬಾಕಿನ ಹರಾಜು. ಅದರ ಮೇಲೆ ಜನವರಿಯಲ್ಲಿ ಚುಂಚನಕಟ್ಟೆಯ ಜಾತ್ರೆ, ಬಳಿಕ ಸುತ್ತೂರು ಜಾತ್ರೆ. ಹೀಗಾಗಿ ಸುತ್ತೂರು ಜಾತ್ರೆ ಮುಗಿದು ಮಹಾಶಿವರಾತ್ರಿ ಬರುವುದರೊಳಗಿನ ಎರಡು ಮೂರು ವಾರಗಳು ನಮ್ಮವರಿಗೆ ಒದಗುವ ಸುಸಮಯ. ಸರ್ಕಾರದ ಹಂಪಿ ಉತ್ಸವ ನಡೆಯುವ ದಿನಗಳನ್ನು ಮಾತ್ರ ವಿಚಾರಿಸಿ ತಪ್ಪಿಸಿಕೊಳ್ಳಬೇಕು. ದೀಪಾಲಂಕಾರ, ಸಂಗೀತ ಬೇಕೆನ್ನುವವರಿಗೆ ಉತ್ಸವ ಚೆನ್ನು. ಹಿರಿಯರ ಕೈಹಿಡಿದು ಸ್ಥಳ ನೋಡುವವರಿಗಲ್ಲ.

ಪ್ರಯಾಣಕ್ಕೆ ನಾವು ರೈಲನ್ನೇ ಹೇಳುತ್ತೇವೆ. ಮೈಸೂರಿನಿಂದ ಹುಬ್ಬಳ್ಳಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ಸಂಜೆ ಹೊರಟು ಬೆಂಗಳೂರು, ಗುಂತಕಲ್, ಬಳ್ಳಾರಿಗಳ ಮೂಲಕ ಮರುದಿನ ಬೆಳಗ್ಗೆ ಹೊಸಪೇಟೆ ಮುಟ್ಟುತ್ತದೆ. ಹುಣಸೂರಿನಿಂದ ಮೈಸೂರು 45 ಕಿಲೋಮೀಟರಿನಷ್ಟು, ಕೋಟೆಯಿಂದ 50ರಷ್ಟು; ಮಧ್ಯಾಹ್ನದ ಊಟ ಮುಗಿಸಿ ಹೊರಟರೂ ಸಾಕು. ಕಾಯ್ದಿರಿಸುವಿಕೆ 60 ದಿನ ಮೊದಲೇ ತೆರೆಯುತ್ತದೆ. 60 ವರ್ಷ ತುಂಬಿದ ಪುರುಷರಿಗೂ 45 ತುಂಬಿದ ಸ್ತ್ರೀಯರಿಗೂ ಕೆಳಗಿನ ಬರ್ತು ಕೊಡುವ ಏರ್ಪಾಡು ರೈಲ್ವೆಯಲ್ಲಿದೆ. ಆದರೆ ಹಿರಿಯರನ್ನು ಹತ್ತು ಜನರ ಒಂದೇ ಟಿಕೆಟಿನಲ್ಲಿ ಸೇರಿಸಿದರೆ ಆ ಸೌಲಭ್ಯ ಸಿಕ್ಕುವುದು ಕಷ್ಟ; ಅವರಿಗೆ ಬೇರೆ ಟಿಕೆಟ್ ತೆಗೆಸುವುದು ಜಾಣತನ. ಸ್ವಂತ ವಾಹನದಲ್ಲಿ ಹೋಗುವವರು ಹಿರಿಯೂರು, ಚಿತ್ರದುರ್ಗಗಳ ಮೇಲೆ ನಸುಕಿನಲ್ಲಿ ಹೊರಟು ಹಗಲಿನಲ್ಲೇ ಸೇರಿಕೊಳ್ಳಲಿ. ರಾತ್ರಿ ಪ್ರಯಾಣ ಮಾಡಿ ಒಂದು ದಿನ ಉಳಿಸಿದೆವೆಂದು ಭಾವಿಸುವವರು ಮರುದಿನ ನಿದ್ದೆಗಣ್ಣಿನಲ್ಲಿ ಆ ದಿನವನ್ನು ಕಳೆದುಕೊಳ್ಳುತ್ತಾರೆ.

ಇಲ್ಲಿ ನಮ್ಮ ಮನೆಗಳಿಗೇ ವಿಶಿಷ್ಟವಾದ ಒಂದು ಸಂಗತಿಯನ್ನು ಹೇಳಬೇಕು. ರೈಲಿನಿಂದ ಇಳಿದ ಹಿರಿಯರು ಸ್ನಾನ ಮಾಡಿ ಇಷ್ಟಲಿಂಗ ಪೂಜೆ ಮುಗಿಸದೆ ಬಾಯಿಗೆ ನೀರನ್ನೂ ಹಾಕುವುದಿಲ್ಲ. ವಸತಿಗೃಹಗಳಲ್ಲಿ ಅನೇಕ ಕಡೆ ಕೋಣೆ ಕೊಡುವುದು ಮಧ್ಯಾಹ್ನ 12ರ ಮೇಲೆ. ಬೆಳಗ್ಗೆ ಏಳಕ್ಕೆ ಇಳಿದವರು ಅಲ್ಲಿಯವರೆಗೆ ಎಲ್ಲಿ ಕೂರಬೇಕು? ಆದ್ದರಿಂದ ಕೋಣೆ ಗೊತ್ತುಮಾಡುವಾಗಲೇ, ಬೆಳಗಿನ ಹೊತ್ತಿಗೆ ಕೋಣೆ ಸಿಕ್ಕುವುದೇ, ಬಿಸಿನೀರು ಆ ಹೊತ್ತಿಗೆ ಬರುವುದೇ ಎಂದು ಸ್ಪಷ್ಟವಾಗಿ ಕೇಳಿಕೊಳ್ಳಬೇಕು. ಅರ್ಧ ದಿನದ ಬಾಡಿಗೆ ಹೆಚ್ಚಾದರೂ ಚಿಂತೆಯಿಲ್ಲ. ವಿಭೂತಿ, ಪೂಜಾ ಬಟ್ಟಲು, ಮಡಿಬಟ್ಟೆ ಒಂದು ಪ್ರತ್ಯೇಕ ಚೀಲದಲ್ಲಿರಲಿ. ಪತ್ರೆ, ಹೂವುಗಳನ್ನು ಮನೆಯಿಂದಲೇ ಬಾಳೆಯೆಲೆಯಲ್ಲಿ ಕಟ್ಟಿಕೊಂಡರೆ ಮೊದಲ ದಿನ ಹುಡುಕಾಟ ತಪ್ಪುತ್ತದೆ.

ಇಳಿದುಕೊಳ್ಳಲು ಹೊಸಪೇಟೆಯಲ್ಲಿ ಎಲ್ಲ ತರಗತಿಯ ವಸತಿಗೃಹಗಳೂ ಇವೆ. ಹಂಪೆ ಅಲ್ಲಿಂದ 12-13 ಕಿಲೋಮೀಟರು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆಯೇ ಜಿಲ್ಲಾ ಕೇಂದ್ರ. ಇನ್ನೂ ಹತ್ತಿರ ಬೇಕೆನ್ನುವವರಿಗೆ ಕಮಲಾಪುರದಲ್ಲಿ ಸರ್ಕಾರದ ಪ್ರವಾಸೋದ್ಯಮ ನಿಗಮದ ಹೋಟೆಲು ಇದೆ. ಮಧ್ಯಾಹ್ನ ಹಿರಿಯರನ್ನು ಕೋಣೆಗೆ ಕರೆತಂದು ಮಲಗಿಸಲು ಅನುಕೂಲ. ಮೂವತ್ತು ವರ್ಷಗಳ ಹಿಂದೆ ಹೋಗಿಬಂದವರ ಮಾತು ನಂಬಿ ವಿರೂಪಾಕ್ಷ ಬಜಾರಿನಲ್ಲಿಯೇ ಅಂಗಡಿ, ಖಾನಾವಳಿ ಸಾಲಾಗಿ ಸಿಕ್ಕುವುದೆಂದು ಭಾವಿಸಬೇಡಿ. ಆ ಮಂಟಪಗಳಲ್ಲಿ ನೆಲೆಸಿದ್ದವರನ್ನು 2011ರಲ್ಲಿ ತೆರವುಗೊಳಿಸಲಾಯಿತು. ಹೊಳೆಯಾಚೆ ವಿರೂಪಾಪುರಗಡ್ಡೆಯಲ್ಲಿದ್ದ ವಸತಿಗಳೂ 2020ರಲ್ಲಿ ಹೋದವು.

ಇನ್ನು ಊರಿನ ವಿಚಾರ. ಹಂಪೆಯನ್ನು ಬಿಡಿ ಬಿಡಿ ಗುಡಿಗಳ ಗುಂಪೆಂದು ತಿಳಿದು ಹೋದರೆ ಎರಡನೆಯ ದಿನಕ್ಕೆ ಬೇಸರ ಬರುವುದು ಖಂಡಿತ; ಎಲ್ಲಿ ನೋಡಿದರೂ ಕಂಬ, ಎಲ್ಲಿ ನೋಡಿದರೂ ಕಲ್ಲು. ಅದೊಂದು ಪಟ್ಟಣ, ಜನ ಬದುಕಿದ್ದ ಪಟ್ಟಣ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ನಮ್ಮ ತರುಣರು ನೋಡಹೋಗುವ ಅದೇ ವೆನಿಸ್ ನಗರದ ನಿಕೊಲೊ ಕೊಂತಿ ಎಂಬ ವರ್ತಕ 1420ರ ಸುಮಾರಿನಲ್ಲಿ ಇಲ್ಲಿಗೆ ಬಂದು, ಈ ಪಟ್ಟಣದ ಸುತ್ತಳತೆ ಅರುವತ್ತು ಮೈಲಿ ಎಂದು ಬೆರಗಾಗಿ ಹೇಳಿದ. 1565ರ ಜನವರಿಯ ರಕ್ಕಸಗಿ-ತಂಗಡಗಿ ಕಾಳಗದ ತರುವಾಯ ಪಟ್ಟಣ ಹಾಳಾಯಿತಷ್ಟೆ. ಎರಡೇ ವರ್ಷಕ್ಕೆ, 1567ರಲ್ಲಿ, ವೆನಿಸಿನವನೇ ಆದ ಸೆಸರೆ ಫೆದೆರಿಚಿ ಬಂದು ಏಳು ತಿಂಗಳು ತಂಗಿದ್ದ. ಮನೆಗಳು ನಿಂತೇ ಇವೆ, ಒಳಗೆ ಮನುಷ್ಯರಿಲ್ಲ, ಹುಲಿ ಮುಂತಾದ ಕಾಡುಮೃಗಗಳಿವೆ ಎಂಬುದು ಅವನ ವರದಿ. ಈ ಇಬ್ಬರ ನಡುವಿನ ನೂರೈವತ್ತು ವರ್ಷಗಳೊಳಗೆ ನಾವು ಇಂದು ನೋಡುವ ಹಂಪೆಯ ಹೆಚ್ಚಿನದೆಲ್ಲ ಅಡಗಿದೆ. ಮಕ್ಕಳಿಗೆ ರೈಲಿನಲ್ಲಿಯೇ ಇಷ್ಟನ್ನು ಹೇಳಿಟ್ಟರೆ ಮುಂದಿನ ಕೆಲಸ ಹಗುರ.

ಆದರೆ ಪಟ್ಟಣಕ್ಕಿಂತ ಕ್ಷೇತ್ರ ಹಿರಿದು. 1336ರಲ್ಲಿ ಸಂಗಮನ ಮಕ್ಕಳು ರಾಜ್ಯ ಕಟ್ಟುವುದಕ್ಕೆ ಶತಮಾನಕ್ಕೂ ಹಿಂದೆಯೇ ಹರಿಹರ ಮಹಾಕವಿ ಹಂಪೆಯ ವಿರೂಪಾಕ್ಷನ ಸನ್ನಿಧಿಯಲ್ಲಿದ್ದು ಶರಣರ ಚರಿತ್ರೆಗಳನ್ನು ರಗಳೆಗಳಾಗಿ ಬರೆದ. ಅವನ ಸೋದರಳಿಯ ರಾಘವಾಂಕ ಹರಿಶ್ಚಂದ್ರನ ಕಥೆಯನ್ನು ಕನ್ನಡಕ್ಕೆ ಕೊಟ್ಟ. ಬಸವಾದಿ ಶರಣರು ನಮಗೆ ಕಥೆಯಾಗಿ ಮೊದಲು ದೊರೆತದ್ದು ಹರಿಹರನಿಂದ. ಮುಂದೆ 15ನೆಯ ಶತಮಾನದ ಪೂರ್ವಾರ್ಧದಲ್ಲಿ ಪ್ರೌಢದೇವರಾಯ ಆಳುತ್ತಿದ್ದಾಗ ದಂಡನಾಯಕ ಲಕ್ಕಣ್ಣ ದಂಡೇಶ, ಜಕ್ಕಣಾರ್ಯ, ಪ್ರಭುಲಿಂಗಲೀಲೆಯ ಚಾಮರಸ ಇವರೆಲ್ಲ ಈ ಪಟ್ಟಣದವರಾಗಿದ್ದರು. ನೂರೊಂದು ವಿರಕ್ತರು ಇಲ್ಲಿದ್ದರೆಂದು ಪರಂಪರೆ ಹೇಳುತ್ತದೆ. ಕಲ್ಯಾಣದ ಅನಂತರ ಚದುರಿಹೋಗಿದ್ದ ವಚನಗಳನ್ನು ಕೂಡಿಸಿ, ಸ್ಥಲಗಳಾಗಿ ಜೋಡಿಸಿ, ಟೀಕೆ ಬರೆದ ದೊಡ್ಡ ಕೆಲಸಕ್ಕೆ ಚಾಲನೆ ಸಿಕ್ಕಿದ್ದು ಆ ಕಾಲದಲ್ಲಿ. ಇಂದು ನಮ್ಮ ಮನೆಗಳ ದೇವರ ಗೂಡಿನಲ್ಲಿರುವ ವಚನ ಸಂಪುಟಕ್ಕೆ ಹಂಪೆಯ ಋಣವಿದೆ. ಇದನ್ನು ತಿಳಿಸುವ ಫಲಕವನ್ನು ಗುಡಿಯ ಬಾಗಿಲಿನಲ್ಲಿ ಹುಡುಕಬೇಡಿ; ಗೈಡುಗಳು ಸಾಮಾನ್ಯವಾಗಿ ರಾಜರಾಣಿಯರ ಕಥೆ ಹೇಳುತ್ತಾರೆ. ಮನೆಯ ಯಜಮಾನರೇ ಹೇಳಬೇಕಾದ ಮಾತು ಇದು.

ಮೊದಲನೆಯ ದಿನ ಮಧ್ಯಾಹ್ನದವರೆಗೆ ವಿಶ್ರಾಂತಿ. ಮೂರೂವರೆಯ ಮೇಲೆ ಹೊರಟು ಕೃಷ್ಣ ದೇವಾಲಯದ ಕಡೆಯಿಂದ ಆರಂಭಿಸುವುದು ಒಳ್ಳೆಯದು. ಅಲ್ಲಿಗೆ ಸಮೀಪದಲ್ಲೇ ಲಕ್ಷ್ಮೀನರಸಿಂಹನ ಏಕಶಿಲಾ ಮೂರ್ತಿ ಇದೆ. 1528ರಲ್ಲಿ ಕೃಷ್ಣದೇವರಾಯ ಮಾಡಿಸಿದ್ದು, ಎತ್ತರ 6.7 ಮೀಟರು. ತೊಡೆಯ ಮೇಲಿದ್ದ ಲಕ್ಷ್ಮಿ ಭಗ್ನಳಾದ್ದರಿಂದ ಜನ ಅದನ್ನು ಉಗ್ರನರಸಿಂಹ ಎನ್ನುತ್ತಾರೆ. ಪಕ್ಕದಲ್ಲೇ ಬಡವಿಲಿಂಗ, ಸುಮಾರು ಮೂರು ಮೀಟರಿನದು, ಪೀಠ ಸದಾ ನೀರಿನಲ್ಲಿ. ಆ ನೀರು ಎಲ್ಲಿಂದ ಬರುತ್ತದೆಂದು ಮಕ್ಕಳನ್ನು ಕೇಳಿ. ಪಕ್ಕದ ಕಾಲುವೆಯಿಂದ! ಇಲ್ಲಿಂದ ಕಮಲಾಪುರದ ಕಡೆಗೆ ಸ್ವಲ್ಪ ದೂರ ಹೋದರೆ ಉದ್ಧಾನ ವೀರಭದ್ರನ ಗುಡಿ. 1545ರಲ್ಲಿ ದಳವಾಯಿ ಜಂಗಮಯ್ಯ ಪ್ರತಿಷ್ಠೆ ಮಾಡಿಸಿದ ಈ ವೀರಭದ್ರ ಆಳೆತ್ತರದ ಇಮ್ಮಡಿ ಇದ್ದಾನೆ. ಪೂಜೆ ಇಂದಿಗೂ ನಡೆಯುತ್ತಿದೆ. ಪ್ರವಾಸಿ ಬಸ್ಸುಗಳು ಇಲ್ಲಿ ನಿಲ್ಲುವುದು ವಿರಳ. ನಮ್ಮವರು ನಿಲ್ಲಬೇಕು.

ಸೂರ್ಯಾಸ್ತಕ್ಕೆ ಹೇಮಕೂಟ. ದಾರಿಯಲ್ಲೇ ಕಡಲೆಕಾಳು, ಸಾಸಿವೆಕಾಳು ಗಣಪತಿಗಳು. ಹೇಮಕೂಟ ಬೆಟ್ಟವೆಂದು ಹೆಸರೇ ಹೊರತು ಇಳಿಜಾರು ಬಂಡೆ. ಆಸರೆಗೆ ಒಂದು ಕೈ, ಇನ್ನೊಂದು ಕೈಗೆ ಕೋಲು ಇದ್ದರೆ ಹಿರಿಯರೂ ನಿಧಾನವಾಗಿ ಏರಬಲ್ಲರು. ಮೇಲೆ ಕುಳಿತರೆ ವಿರೂಪಾಕ್ಷನ ಗೋಪುರ, ಬಜಾರಿನ ಬೀದಿ, ಮತಂಗ ಪರ್ವತ ಒಂದೇ ನೋಟಕ್ಕೆ ಸಿಕ್ಕುತ್ತವೆ. ಇಲ್ಲಿರುವ ಸಣ್ಣ ಗುಡಿಗಳಲ್ಲಿ ಹಲವು ವಿಜಯನಗರಕ್ಕೂ ಹಳೆಯವು. ಕೋತಿಗಳಿವೆ, ಬಾಳೆಹಣ್ಣಿನ ಚೀಲ ಕೈಯಲ್ಲಿರಬಾರದು.

ಎರಡನೆಯ ದಿನವನ್ನು ಟಿಕೆಟಿನ ನಿಯಮವೇ ನಿರ್ಧರಿಸುತ್ತದೆ. ಪುರಾತತ್ತ್ವ ಇಲಾಖೆಯವರು ವಿಠ್ಠಲ ದೇವಾಲಯ, ರಾಣಿವಾಸದ ಆವರಣ, ಕಮಲಾಪುರದ ವಸ್ತುಸಂಗ್ರಹಾಲಯ ಈ ಮೂರಕ್ಕೂ ಒಂದೇ ಟಿಕೆಟ್ ಕೊಡುತ್ತಾರೆ. ಅದು ಆ ಒಂದು ದಿನಕ್ಕೆ ಮಾತ್ರ ಸಲ್ಲುತ್ತದೆ. ಹದಿನೈದು ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ. ಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಆದ್ದರಿಂದ ಈ ದಿನ ಶುಕ್ರವಾರವಾಗದಂತೆ ಹೊರಡುವ ವಾರವನ್ನು ಮೊದಲೇ ಲೆಕ್ಕಹಾಕಬೇಕು. ವಿಠ್ಠಲ ದೇವಾಲಯಕ್ಕೆ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ವಾಹನಗಳನ್ನು ಒಂದು ಕಿಲೋಮೀಟರು ಹಿಂದೆಯೇ ನಿಲ್ಲಿಸುತ್ತಾರೆ. ಅಲ್ಲಿಂದ ಬ್ಯಾಟರಿ ಗಾಡಿಗಳಿವೆ. ಹೊತ್ತೇರಿದ ಮೇಲೆ ಹೋದರೆ ಆ ಗಾಡಿಗಾಗಿ ಬಿಸಿಲಿನಲ್ಲಿ ಸರದಿ ನಿಲ್ಲಬೇಕು. ಕಲ್ಲಿನ ರಥವನ್ನು ಈಗ 50 ರೂಪಾಯಿ ನೋಟಿನ ಮೇಲೆ ಎಲ್ಲರೂ ಕಂಡಿದ್ದಾರೆ. ಅದು ರಥವಲ್ಲ, ಗರುಡನಿಗೆ ಕಟ್ಟಿದ ಗುಡಿ. ಒಂದೇ ಕಲ್ಲೂ ಅಲ್ಲ, ಬೆಸುಗೆ ಕಾಣದಂತೆ ಜೋಡಿಸಿದ ಕಲ್ಲುಗಳು. ಸಂಗೀತದ ಕಂಬಗಳನ್ನು ತಟ್ಟುವುದು ನಿಷಿದ್ಧ. ಮಕ್ಕಳಿಗೆ ಮೊದಲೇ ಹೇಳಿರಿ; ಕೆಲವು ಗೈಡುಗಳಿಗೂ ಹೇಳಬೇಕಾಗಬಹುದು.

ನಡುಮಧ್ಯಾಹ್ನಕ್ಕೆ ಸಂಗ್ರಹಾಲಯ. ನೆರಳಿದೆ, ಕೂರಲು ಸ್ಥಳವಿದೆ. ಅಂಗಳದಲ್ಲಿ ಇಡೀ ಹಂಪೆಯ ಬೆಟ್ಟ, ಹೊಳೆ, ಗುಡಿಗಳನ್ನು ಚಿಕ್ಕದಾಗಿ ಮಾಡಿಟ್ಟ ಮಾದರಿಯೊಂದಿದೆ. ನಿನ್ನೆ ನೋಡಿದ್ದು ಎಲ್ಲಿ, ಇಂದು ಸಂಜೆ ನೋಡುವುದು ಎಲ್ಲಿ ಎಂದು ಮಕ್ಕಳು ಬೆರಳಿಟ್ಟು ತೋರಿಸುವಂತಾದರೆ ಆ ಒಂದು ಗಂಟೆ ಸಾರ್ಥಕ.

ಮಧ್ಯಾಹ್ನದ ಮೇಲೆ ರಾಣಿವಾಸದ ಕಮಲ ಮಹಲು, ಹನ್ನೊಂದು ಅಂಕಣಗಳ ಆನೆಲಾಯ, ಹಜಾರರಾಮನ ಗುಡಿ. ಇವುಗಳಲ್ಲಿ ಬೇಗ ಬೇಗ ನಡೆದರೂ ನಷ್ಟವಿಲ್ಲ. ಸಮಯವನ್ನು ಮಹಾನವಮಿ ದಿಬ್ಬಕ್ಕೆ ಉಳಿಸಿಕೊಳ್ಳಬೇಕು. ಮೈಸೂರಿನ ಸೀಮೆಯವರಾದ ನಮಗೆ ಈ ದಿಬ್ಬದಷ್ಟು ಹತ್ತಿರದ್ದು ಹಂಪೆಯಲ್ಲಿ ಮತ್ತೊಂದಿಲ್ಲ. 1443ರಲ್ಲಿ ಬಂದ ಪಾರಸಿಕ ದೂತ ಅಬ್ದುಲ್ ರಜಾಕ್, 1520ರ ಸುಮಾರಿನಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಬ್ಬರೂ ಇಲ್ಲಿಯ ನವರಾತ್ರಿಯನ್ನು ಕಣ್ಣಾರೆ ಕಂಡು ಬರೆದಿಟ್ಟರು: ಸಿಂಗರಿಸಿದ ಆನೆ ಕುದುರೆಗಳು, ಜಟ್ಟಿ ಕಾಳಗ, ಸಾಮಂತರ ಕಾಣಿಕೆ. ಆ ವೈಭವ ಇಲ್ಲಿ ನಂದಿದ ಮೇಲೆ 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಅದೇ ಕ್ರಮದ ನವರಾತ್ರಿಯನ್ನು ಆರಂಭಿಸಿದರು. ನಮ್ಮ ಮಕ್ಕಳು ವರ್ಷ ವರ್ಷವೂ ನೋಡುವ ಜಂಬೂಸವಾರಿಯ ಬೇರು ಈ ಕಲ್ಲಿನ ಜಗುಲಿಯಲ್ಲಿದೆ. ದಿಬ್ಬದ ಬದಿಗಳಲ್ಲಿ ಆನೆ, ಕುದುರೆ, ಬೇಟೆ, ಕುಣಿತಗಳ ಸಾಲು ಕೆತ್ತನೆಗಳಿವೆ. ಮೇಲೇರಲಾಗದ ಹಿರಿಯರು ಕೆಳಗೆ ಕುರ್ಚಿಯಷ್ಟೆತ್ತರದ ಕಲ್ಲಿನ ಮೇಲೆ ಕುಳಿತೇ ಅವನ್ನು ನೋಡಬಹುದು. ಮೇಲೆ ಬಯಲಲ್ಲದೆ ಬೇರೇನೂ ಇಲ್ಲ.

ದಿಬ್ಬದ ಸಮೀಪದಲ್ಲೇ 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದ ಮೆಟ್ಟಿಲುಗಳ ಪುಷ್ಕರಣಿ ಇದೆ. ಕರಿಕಲ್ಲುಗಳ ಮೇಲೆ ಯಾವ ಕಲ್ಲು ಯಾವ ಸಾಲಿಗೆ, ಯಾವ ದಿಕ್ಕಿಗೆ ಎಂಬ ಗುರುತುಗಳನ್ನು ಕಟ್ಟಿದವರೇ ಕೊರೆದಿದ್ದಾರೆ. ಅದಕ್ಕೆ ನೀರು ತರುತ್ತಿದ್ದ ಕಲ್ಲಿನ ದೋಣಿಗಳು ಕಂಬಗಳ ಮೇಲೆ ಇನ್ನೂ ನಿಂತಿವೆ. ಕೃಷ್ಣರಾಜನಗರದ ನಾಲೆಯ ನೀರಿನಲ್ಲಿ ಬತ್ತ ಬೆಳೆಯುವವರು, ಹನಗೋಡಿನ ಅಣೆಕಟ್ಟೆ ಬಲ್ಲ ಹುಣಸೂರಿನವರು ಇಲ್ಲಿ ಸುಮ್ಮನೆ ಮುಂದೆ ಹೋಗಲಾರರು. ಊರೊಳಗೆ ಹರಿಯುವ ತುರ್ತು ಕಾಲುವೆ ವಿಜಯನಗರದ ಅರಸರ ಕಾಲದ್ದು. ಇಂದಿಗೂ ಅದರ ನೀರಿನಲ್ಲೇ ಗುಡಿಗಳ ನಡುವೆ ಬತ್ತ, ಬಾಳೆ, ಕಬ್ಬು ಬೆಳೆಯುತ್ತಿದೆ. ಅರಮನೆಗಳು ಸುಟ್ಟುಹೋದವು, ಕಾಲುವೆ ಉಳಿಯಿತು. ನಮ್ಮ ಒಕ್ಕಲುಮಕ್ಕಳಿಗೆ ಕಲ್ಲಿನ ರಥಕ್ಕಿಂತ ಇದನ್ನು ತೋರಿಸುವುದು ಹೆಚ್ಚಿನದೆಂದು ನಾವು ತಿಳಿಯುತ್ತೇವೆ.

ಮೂರನೆಯ ದಿನ ನಸುಕಿನಲ್ಲೇ ಲಿಂಗಪೂಜೆ ಮುಗಿಸಿ ವಿರೂಪಾಕ್ಷನ ದರ್ಶನ. ಹತ್ತರ ಮೇಲೆ ಅಂಗಳದ ಚಪ್ಪಡಿಗಳು ಬರಿಗಾಲಿಗೆ ಕಾದ ಹೆಂಚು. ಏಳು ಗಂಟೆಗೆ ತಂಪು. ರಂಗಮಂಟಪವನ್ನು ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ನೆನಪಿಗೆ ಕಟ್ಟಿಸಿದ; ಅದನ್ನು ಹೇಳುವ 1510ರ ಶಾಸನ ಎದುರಿಗೇ ನಿಂತಿದೆ. ಆ ಮಂಟಪದ ಛಾವಣಿಯ ಚಿತ್ರಗಳಲ್ಲಿ ಗಿರಿಜಾಕಲ್ಯಾಣ, ತ್ರಿಪುರ ದಹನ, ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆಗಳಿವೆ. ಕತ್ತೆತ್ತಲು ಕಷ್ಟಪಡುವ ಹಿರಿಯರಿಗೆ ಕೈಕನ್ನಡಿಯೊಂದನ್ನು ಕೊಟ್ಟರೆ ಕುಳಿತಲ್ಲೇ ನೋಡುತ್ತಾರೆ. ಗರ್ಭಗುಡಿಯ ಹಿಂಭಾಗದ ಕತ್ತಲೆ ಕೋಣೆಯಲ್ಲಿ ಕಿಂಡಿಯ ಮೂಲಕ ಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ಮಕ್ಕಳು ಮರೆಯಲಾರರು. ಹಳೆಯ ಕ್ಯಾಮೆರಾ ಕೆಲಸ ಮಾಡುವ ರೀತಿಯೇ ಅದು, ಪವಾಡವೆಂದು ಹೇಳಿಕೊಡುವ ಅಗತ್ಯವಿಲ್ಲ.

ಬಿಡಬೇಕಾದವುಗಳ ಬಗ್ಗೆಯೂ ಸ್ಪಷ್ಟವಾಗಿ ಹೇಳಿಬಿಡೋಣ. ಆನೆಗೊಂದಿಯ ಕಡೆಯ ಅಂಜನಾದ್ರಿಗೆ ಐನೂರಕ್ಕೂ ಮಿಕ್ಕ ಮೆಟ್ಟಿಲುಗಳು. ಹಿರಿಯರೊಂದಿಗಿನ ಮೊದಲ ಭೇಟಿಗೆ ಅದು ಬೇಡ. ಮತಂಗ ಪರ್ವತ ತರುಣರಿಗೆ, ಅದೂ ನಾಲ್ಕು ಜನ ಕೂಡಿ ಬೆಳಕಿನಲ್ಲಿ. ಕನ್ನಂಬಾಡಿ ಕಟ್ಟೆಯನ್ನೂ ಬೃಂದಾವನವನ್ನೂ ಹುಟ್ಟಿದಂದಿನಿಂದ ಕಂಡ ನಮ್ಮವರು ತುಂಗಭದ್ರಾ ಅಣೆಕಟ್ಟಿನ ಕಾರಂಜಿಗೆ ಒಂದು ಸಂಜೆ ಕೊಡಬೇಕಾಗಿಲ್ಲ. ಕೂಡಲಸಂಗಮ ನೂರು ಕಿಲೋಮೀಟರಿಗೂ ಆಚೆ. ಅದಕ್ಕೆ ಬೇರೆಯೇ ಯಾತ್ರೆ ಬೇಕು, ಹೀಗೆ ಬಾಲಕ್ಕೆ ಕಟ್ಟುವ ಕ್ಷೇತ್ರ ಅದಲ್ಲ. ಹರಿಗೋಲಿನ ಆಸೆಯಿದ್ದರೆ ಹೊಳೆಯ ನೀರಿನ ಮಟ್ಟ ವಿಚಾರಿಸಿಕೊಳ್ಳಿ. ಅಣೆಕಟ್ಟಿನಿಂದ ನೀರು ಬಿಟ್ಟ ದಿನ ಪುರಂದರ ಮಂಟಪವೇ ಮುಳುಗುತ್ತದೆ. ಅಂದು ಯಾರು ಕರೆದರೂ ಹತ್ತಬಾರದು.

ಆಟೋದವರೊಡನೆ ಇಡೀ ದಿನದ ಬಾಡಿಗೆಯನ್ನು ಬೆಳಗ್ಗೆಯೇ ಮಾತಾಡಿಕೊಳ್ಳಿ. ಗೈಡು ಬೇಕಾದರೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇದ್ದವರನ್ನು ಎರಡನೆಯ ದಿನಕ್ಕೆ ಮಾತ್ರ ಗೊತ್ತುಮಾಡಿದರೆ ಸಾಕು. ಮೂರನೆಯ ದಿನ ಮಧ್ಯಾಹ್ನ ಹಿರಿಯರು ಮಲಗಿರುವಾಗ ಓದಿನ ರುಚಿಯಿರುವವರು ಕನ್ನಡ ವಿಶ್ವವಿದ್ಯಾಲಯಕ್ಕೆ ಹೋಗಿಬರಬಹುದು. 1991ರಲ್ಲಿ ಆರಂಭವಾದ ಅದರ ಪ್ರಸಾರಾಂಗದಲ್ಲಿ ಹಂಪೆಯ ಶಾಸನ, ಸ್ಮಾರಕಗಳ ಕುರಿತು ಕನ್ನಡದಲ್ಲಿಯೇ ಪುಸ್ತಕಗಳಿವೆ. ಮೈಸೂರಿನ ರೈಲು ಹೊಸಪೇಟೆಗೆ ಬರುವುದು ರಾತ್ರಿ. ರೊಟ್ಟಿ, ಮೊಸರನ್ನ ಕಟ್ಟಿಸಿಕೊಂಡು, ಕುಡಿಯುವ ನೀರು ತುಂಬಿಕೊಂಡು ಅರ್ಧ ಗಂಟೆ ಮೊದಲೇ ನಿಲ್ದಾಣ ಸೇರಿದರೆ ಹಿರಿಯರನ್ನು ಅವಸರವಿಲ್ಲದೆ ಹತ್ತಿಸಬಹುದು.